ಮಾಟವೂ ಮಾರಿಪೂಜೆಯೂ: ಹೊಸ ಅಭ್ಯಾಸಿಗಳು ಅರಿಯಬೇಕಾದ ಭೇದ

ಇತ್ತೀಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳ ವಿದ್ಯಾವಂತ ತರುಣ ತರುಣಿಯರಲ್ಲಿ ಒಂದು ಹೊಸ ಕುತೂಹಲವು ತಲೆದೋರಿರುವುದನ್ನು ವಾಚಕರು ಗಮನಿಸಿರಬಹುದು. ಪಶ್ಚಿಮ ದೇಶಗಳಲ್ಲಿ ‘ವಿಕ್ಕಾ’ ಎಂದೂ ‘ಪೇಗನ್’ ಮತವೆಂದೂ ಕರೆಯಿಸಿಕೊಳ್ಳುವ ಪ್ರಕೃತಿಪೂಜೆಯ ವಿಷಯವಾಗಿ, ಆರಂಭದ ಅಭ್ಯಾಸಿಗಳಿಗೆಂದೇ ಬರೆದ ಕೈಪಿಡಿಗಳು ಈಗ ಸುಲಭವಾಗಿ ದೊರೆಯುತ್ತವೆ. ಹುಣ್ಣಿಮೆಯ ರಾತ್ರಿ ದೀಪ ಹಚ್ಚುವುದು, ಋತುಗಳು ಬದಲಾಗುವ ದಿನಗಳನ್ನು ಆಚರಿಸುವುದು, ಭೂಮಿ, ನೀರು, ಗಾಳಿ, ಬೆಂಕಿಗಳನ್ನು ಸ್ಮರಿಸುವುದು, ಗಿಡಮೂಲಿಕೆಗಳ ಗುಣವನ್ನು ಅರಿಯುವುದು, ಇವೇ ಅವುಗಳಲ್ಲಿ ಹೇಳಿರುವ ಪ್ರಥಮ ಪಾಠಗಳು. ಇದನ್ನು ಕಂಡು ಹಿರಿಯರಲ್ಲಿ ಕೆಲವರು ನಗುವರು, ಕೆಲವರು ಬೆದರುವರು. ಎರಡೂ ಉಚಿತವೆಂದು ನಮಗೆ ತೋರುವುದಿಲ್ಲ. ಈ ಅಭ್ಯಾಸಿಗಳ ಮನೆಯ ಬಾಗಿಲಿನಲ್ಲಿಯೇ ಇದನ್ನು ಹೋಲುವ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು ಊರದೇವತೆಯ ಪೂಜೆ, ಇನ್ನೊಂದು ಮಾಟ. ಮೊದಲನೆಯದು ಊರನ್ನು ಕೂಡಿಸುವುದು, ಎರಡನೆಯದು ಊರನ್ನು ಒಡೆಯುವುದು. ಇವೆರಡರ ಭೇದವನ್ನು ತಿಳಿಯದೆ ಹೆಜ್ಜೆಯಿಡುವವನು ತನಗೂ ನೆರೆಯವನಿಗೂ ಅಪಾಯವನ್ನು ತಂದುಕೊಳ್ಳುವನೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಆ ಪಶ್ಚಿಮದ ಮತದ ಸ್ವರೂಪವನ್ನು ನೋಡೋಣ. ಅದು ಅತಿ ಪುರಾತನವೆಂದು ಅದರ ಅನುಯಾಯಿಗಳು ಬಹುಕಾಲ ನಂಬಿದ್ದರು. ೧೯೨೧ರಲ್ಲಿ ಮಾರ್ಗರೆಟ್ ಮರ್ರೆ ಎಂಬ ವಿದುಷಿಯು, ಯುರೋಪಿನಲ್ಲಿ ಮಾಟಗಾತಿಯರೆಂದು ಶಿಕ್ಷೆಗೊಳಗಾದವರು ಕ್ರೈಸ್ತಮತಕ್ಕೂ ಹಿಂದಿನ ಒಂದು ಧರ್ಮದ ಅನುಯಾಯಿಗಳೆಂದು ವಾದಿಸಿದರು. ಈ ವಾದವನ್ನು ಇಂದಿನ ಇತಿಹಾಸಜ್ಞರು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ೧೭೩೫ರ ಮಾಟದ ಕಾಯಿದೆಯು ೧೯೫೧ರಲ್ಲಿ ರದ್ದಾಯಿತು. ಅದಾದ ಮೂರು ವರ್ಷಕ್ಕೆ, ೧೯೫೪ರಲ್ಲಿ, ಮಲಯ ದೇಶದಲ್ಲಿ ಸುಂಕದ ಇಲಾಖೆಯ ಅಧಿಕಾರಿಯಾಗಿದ್ದು ನಿವೃತ್ತನಾದ ಜೆರಾಲ್ಡ್ ಗಾರ್ಡನರ್ ಎಂಬಾತನು ಈ ಪಂಥವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿ ಲೋಕಕ್ಕೆ ಅದರ ಪರಿಚಯ ಮಾಡಿಕೊಟ್ಟನು. ೧೯೯೯ರಲ್ಲಿ ಇತಿಹಾಸಕಾರ ರೊನಾಲ್ಡ್ ಹಟ್ಟನ್ ಅವರು ತಮ್ಮ ಸಂಶೋಧನೆಯಲ್ಲಿ, ಇದು ಇಪ್ಪತ್ತನೆಯ ಶತಮಾನದಲ್ಲಿ ರೂಪುಗೊಂಡ ಮತವೆಂದು ತೋರಿಸಿಕೊಟ್ಟಿದ್ದಾರೆ. ಹೊಸದಾದ ಮಾತ್ರಕ್ಕೆ ಅದು ಹೀನವಾಗಬೇಕಾಗಿಲ್ಲ. ವರ್ಷಕ್ಕೆ ಎಂಟು ಹಬ್ಬಗಳು, ದೇವಿಯ ಆರಾಧನೆ, ಯಾರಿಗೂ ಕೇಡನ್ನು ಬಗೆಯಬಾರದೆಂಬ ನೀತಿ, ಇವು ಅದರ ಮುಖ್ಯ ಲಕ್ಷಣಗಳು. ಐಸ್‌ಲೆಂಡ್ ದೇಶವು ತನ್ನ ಪೂರ್ವಿಕರ ದೇವತೆಗಳನ್ನು ಪೂಜಿಸುವ ಸಂಘಕ್ಕೆ ೧೯೭೩ರಲ್ಲಿಯೇ ರಾಜಮಾನ್ಯತೆಯನ್ನು ಕೊಟ್ಟಿತು. ನಮ್ಮ ದೇಶದಲ್ಲಿ ಕಲ್ಕತ್ತೆಯ ಇಪ್ಸಿತಾ ರಾಯ್ ಚಕ್ರವರ್ತಿ ಅವರು ೧೯೮೬ರಲ್ಲಿ ತಾವು ವಿಕ್ಕಾ ಪಂಥದ ಮಾಟಗಾತಿಯೆಂದು ಬಹಿರಂಗವಾಗಿ ಸಾರಿಕೊಂಡರು.

ಆದರೆ ಒಂದೇ ಶಬ್ದವು ಎಲ್ಲ ಕಡೆಗಳಲ್ಲಿಯೂ ಒಂದೇ ಫಲವನ್ನು ಕೊಡುವುದಿಲ್ಲ. ಮಹಾನಗರದ ವಿದ್ಯಾವಂತ ಮಹಿಳೆಯು ಅಭಿಮಾನದಿಂದ ಧರಿಸಬಹುದಾದ ಹೆಸರೇ ಹಳ್ಳಿಯ ಬಡವಿಧವೆಗೆ ಮರಣಶಾಸನವಾಗಿದೆ. ಯುರೋಪಿನಲ್ಲಿ ಹದಿನೈದರಿಂದ ಹದಿನೆಂಟನೆಯ ಶತಮಾನದವರೆಗೆ ಈ ಆರೋಪದ ಮೇಲೆ ಮರಣದಂಡನೆಗೆ ಗುರಿಯಾದವರು ಸುಮಾರು ೪೦,೦೦೦ದಿಂದ ೬೦,೦೦೦ ಮಂದಿಯೆಂದು ಗಣಿಸಲಾಗಿದೆ. ಅವರಲ್ಲಿ ಹೆಚ್ಚಿನವರು ಸ್ತ್ರೀಯರು. ಅದು ಮುಗಿದುಹೋದ ಕಥೆಯೆಂದು ನಾವು ಸಮಾಧಾನಪಡುವಂತಿಲ್ಲ. ಬಿಹಾರವು ೧೯೯೯ರಲ್ಲಿಯೂ ಝಾರ್ಖಂಡವು ೨೦೦೧ರಲ್ಲಿಯೂ ಹೆಂಗಸರನ್ನು ‘ಡಾಯನ್’ ಎಂದು ಕರೆದು ಹಿಂಸಿಸುವುದರ ವಿರುದ್ಧ ವಿಶೇಷ ಕಾಯಿದೆಗಳನ್ನು ಮಾಡಬೇಕಾಯಿತು. ಝಾರ್ಖಂಡದ ಛುಟ್ನಿ ದೇವಿಯವರು ಅಂತಹ ಆರೋಪಕ್ಕೆ ಒಳಗಾಗಿ ಹಳ್ಳಿಯನ್ನು ಬಿಟ್ಟು ಓಡಬೇಕಾಗಿ ಬಂದವರು. ಬಳಿಕ ಅವರು ತಮ್ಮಂತಹ ಇತರ ಸ್ತ್ರೀಯರ ರಕ್ಷಣೆಗೆ ನಿಂತರು. ಅಸ್ಸಾಮಿನ ಬೀರುಬಾಲಾ ರಾಭಾ ಅವರೂ ಇದೇ ಸೇವೆಗೆ ಬಾಳನ್ನು ಮುಡಿಪಾಗಿಟ್ಟವರು. ೨೦೨೧ರಲ್ಲಿ ಭಾರತ ಸರ್ಕಾರವು ಇಬ್ಬರಿಗೂ ಪದ್ಮಶ್ರೀಯನ್ನಿತ್ತು ಗೌರವಿಸಿತು. ಆದುದರಿಂದ ‘ಮಾಟಗಾತಿ’ ಎಂಬ ಮಾತನ್ನು ವಿನೋದಕ್ಕೂ ಬಳಸುವ ಮುನ್ನ ನಾಲ್ಕು ಬಾರಿ ಯೋಚಿಸುವುದು ಮೇಲು.

ಇನ್ನು ನಮ್ಮ ಸೀಮೆಗೆ ಬರೋಣ. ಮೈಸೂರು ಜಿಲ್ಲೆಯಲ್ಲಿ ಮೊದಲು ಕೃಷ್ಣರಾಜನಗರ ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ತಾಲ್ಲೂಕಾಗಿರುವ ಸಾಲಿಗ್ರಾಮವು ಭಗವದ್ರಾಮಾನುಜರ ಹೆಸರಿನಿಂದ ಪ್ರಸಿದ್ಧವಾದ ಸ್ಥಳ. ಆಚಾರ್ಯರು ತಮಿಳುನಾಡನ್ನು ಬಿಟ್ಟು ಕರ್ಣಾಟಕಕ್ಕೆ ಬಂದಾಗ ಇಲ್ಲಿ ಕೆಲವು ಕಾಲ ತಂಗಿದ್ದರೆಂದೂ, ಅವರ ನಿಷ್ಠ ಶಿಷ್ಯರಾದ ವಡುಗನಂಬಿಯವರು ಈ ಊರಿನವರೆಂದೂ ಐತಿಹ್ಯವಿದೆ. ಊರಿನವರು ಆಚಾರ್ಯರ ಮಾರ್ಗಕ್ಕೆ ವಿಮುಖರಾಗಿದ್ದಾಗ, ಅವರ ಅಪ್ಪಣೆಯಂತೆ ಶಿಷ್ಯರಾದ ಮುದಲಿಯಾಂಡಾನರು ಊರಿನ ಕೊಳದ ನೀರಿನಲ್ಲಿ ತಮ್ಮ ಪಾದಗಳನ್ನಿರಿಸಿದರು. ಆ ನೀರನ್ನು ಬಳಸಿದವರೆಲ್ಲರೂ ಭಕ್ತರಾದರು. ಅದೇ ಶ್ರೀಪಾದತೀರ್ಥವಾಯಿತು ಎಂದು ಶ್ರೀವೈಷ್ಣವರು ಹೇಳುವರು. ಇದೇ ಊರಿನಲ್ಲಿ ಜೈನರ ಬಸದಿಯೂ ಇದೆ. ಸಮೀಪದ ಚುಂಚನಕಟ್ಟೆಯಲ್ಲಿ ಕಾವೇರಿಯು ಧುಮುಕುವ ಎಡೆಗೆ ಚುಂಚ ಚುಂಚಿ ಎಂಬ ಕಾಡಿನ ದಂಪತಿಗಳ ಹೆಸರು ನಿಂತಿದೆ. ಅಲ್ಲಿಯೇ ಕೋದಂಡರಾಮನ ಗುಡಿಯೂ ಇದೆ. ಹೀಗೆ ಆಚಾರ್ಯರ ಮತ, ಜಿನಮತ, ಕಾಡಿನವರ ನೆನಪು, ಇವು ಒಂದೇ ಹೊಳೆಯ ದಂಡೆಯಲ್ಲಿ ಒಂದಕ್ಕೊಂದು ತಗುಲಿಕೊಂಡಿವೆ. ಇವೆಲ್ಲಕ್ಕೂ ಅಡಿಯಲ್ಲಿ, ಈ ಸೀಮೆಯ ಪ್ರತಿಯೊಂದು ಹಳ್ಳಿಯ ಎಲ್ಲೆಯಲ್ಲಿಯೂ, ಊರದೇವತೆಯಾದ ಅಮ್ಮನು ಕುಳಿತಿರುವಳು.

ಪಶ್ಚಿಮದ ಕೈಪಿಡಿಗಳನ್ನು ಓದಿ ಪ್ರಕೃತಿಪೂಜೆಯನ್ನು ಕಲಿಯಬಯಸುವವರು ಮೊದಲು ಈ ಅಮ್ಮನ ಹಬ್ಬವನ್ನು ಕಣ್ಣಿಟ್ಟು ನೋಡಬೇಕು. ಬೆಳೆ ಕೊಯ್ದು ಕಣ ಮುಗಿದ ಮೇಲೆ, ಬೇಸಗೆಯ ಬಿಸಿಲು ಏರುವ ಕಾಲದಲ್ಲಿ, ಊರಿನ ಹಿರಿಯರು ಕೂಡಿ ದಿನವನ್ನು ಗೊತ್ತುಮಾಡುವರು. ತಮಟೆ ಬಡಿದು ಹಬ್ಬವನ್ನು ಸಾರುವರು. ಸಾರಿದ ಮೇಲೆ ಊರಿನವರು ಹೊರಗೆ ರಾತ್ರಿ ತಂಗಬಾರದೆಂಬ ಕಟ್ಟುಪಾಡು ಹಲವು ಕಡೆ ಉಂಟು. ಮನೆಮನೆಯಿಂದ ಹೆಂಗಸರು ತಂಬಿಟ್ಟಿನ ಆರತಿಯನ್ನು ಹೊತ್ತು ಬರುವರು; ಬೇವಿನ ಸೊಪ್ಪು, ಅರಿಸಿನ, ಮಜ್ಜಿಗೆ, ಹೊಸ ಮಡಕೆ, ಇವು ಪೂಜಾಸಾಮಗ್ರಿಗಳು. ಕೆಲವೆಡೆ ಸೋಮನ ಕುಣಿತ, ಕೆಲವೆಡೆ ಕೊಂಡ. ಅರ್ಚಕನು ಬಹುಶಃ ಊರಿನ ಒಕ್ಕಲಿಗನೋ ಕುಂಬಾರನೋ ಅಗಸನೋ ಆಗಿರುವನು. ತಮಟೆಯವನಿಲ್ಲದೆ ದೇವತೆ ಮೇಲೇಳುವುದಿಲ್ಲ. ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಅವರು ದಕ್ಷಿಣ ಹಿಂದೂಸ್ಥಾನದ ಗ್ರಾಮದೇವತೆಗಳನ್ನು ಕುರಿತು ೧೯೧೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೈಸೂರು ಸೀಮೆಯ ಅಮ್ಮಂದಿರ ವಿವರಗಳನ್ನೂ ದಾಖಲಿಸಿರುವರು. ಪರಮತೀಯನಾದ ಪಾದ್ರಿಯ ದೃಷ್ಟಿ ಅದರಲ್ಲಿದ್ದರೂ ಒಂದು ಸಂಗತಿ ಸ್ಪಷ್ಟವಾಗುವುದು: ಈ ಪೂಜೆ ಒಬ್ಬನ ಸ್ವತ್ತಲ್ಲ, ಇಡೀ ಊರಿನದು. ಹಗಲಲ್ಲಿಯೇ ಆಗಲಿ, ಪಂಜಿನ ಬೆಳಕಿನಲ್ಲಿಯೇ ಆಗಲಿ, ಎಲ್ಲರ ಕಣ್ಣೆದುರಿಗೆ ನಡೆಯತಕ್ಕದ್ದು.

ಈ ದೇವತೆಯು ರೋಗದ ದೇವತೆಯೂ ಹೌದು. ಸಿಡುಬನ್ನು ನಮ್ಮವರು ‘ಅಮ್ಮ’ ಎಂದೇ ಕರೆದರು. ಇಲ್ಲಿ ಒಂದು ವಿಚಾರವನ್ನು ಸುಶಿಕ್ಷಿತರು ಮನಗಾಣಬೇಕು. ಸಿಡುಬಿಗೆ ಚುಚ್ಚುಮದ್ದು ಬಂದಾಗ ನಮ್ಮ ಜನರು ಅದನ್ನು ‘ದೇವಿ ಹಾಕಿಸುವುದು’ ಎಂದರು. ವೈದ್ಯವನ್ನು ದೇವತೆಯ ವೈರಿಯೆಂದು ಬಗೆಯದೆ, ದೇವತೆಯ ಹೆಸರನ್ನೇ ಅದಕ್ಕೆ ಇಟ್ಟುಕೊಂಡರು. ೧೮೦೫ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರವು ದೇವಿ ಹಾಕಿಸಿಕೊಳ್ಳುವುದರ ಪ್ರಚಾರಕ್ಕಾಗಿಯೇ ಆದುದೆಂದು ಕೆಲವು ಇತಿಹಾಸಜ್ಞರ ಅಭಿಪ್ರಾಯ. ಭಾರತದಲ್ಲಿ ಸಿಡುಬು ೧೯೭೫ರಲ್ಲಿ ಕೊನೆಗೊಂಡಿತು. ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಲೋಕದಲ್ಲಿಯೇ ಅದು ಅಳಿಯಿತೆಂದು ಸಾರಿತು. ರೋಗ ಹೋಯಿತು, ಮಾರಮ್ಮನ ಹಬ್ಬ ನಿಲ್ಲಲಿಲ್ಲ. ಭಕ್ತಿಗೂ ವೈದ್ಯಕ್ಕೂ ಹೊಂದಿಕೆ ಸಾಧ್ಯವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ಇದೇ ಸೀಮೆಯಲ್ಲಿ, ಕಾವೇರಿಯ ದಡದ ಕಪ್ಪಡಿ ಕ್ಷೇತ್ರದಲ್ಲಿ, ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿ ಮತ್ತು ಚನ್ನಾಜಮ್ಮರ ಗದ್ದುಗೆಗಳಿವೆ. ಶಿವರಾತ್ರಿಯ ಕಾಲದಲ್ಲಿ ಅಲ್ಲಿ ಸೇರುವ ಒಕ್ಕಲುಗಳು ತಂಬೂರಿಯನ್ನು ಮೀಟುವ ನೀಲಗಾರರ ಬಾಯಿಂದ ಗುರುವಿನ ಕಥೆಯನ್ನು ಕೇಳುವರು. ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳ ಕಾಡಂಚಿನಲ್ಲಿ ಜೇನುಕುರುಬರು, ಬೆಟ್ಟಕುರುಬರು ತಮ್ಮ ಹಿರಿಯರನ್ನೂ ಕಾಡಿನ ದೇವರುಗಳನ್ನೂ ಪೂಜಿಸುವರು. ನೆರೆಯ ಕೊಡಗಿನ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಇವರು ವೇಷಹಾಕಿ, ತಮ್ಮನ್ನು ನಡುವೆ ಬಿಟ್ಟುಹೋದನೆಂದು ದೇವರನ್ನೇ ಹಾಡಿ ಬೈಯುವರು. ಆ ಬೈಗುಳದಲ್ಲಿ ದ್ವೇಷವಿಲ್ಲ, ಸಲಿಗೆಯಿದೆ. ಕೊಡಗಿನಲ್ಲಿ ೧,೨೦೦ಕ್ಕೂ ಹೆಚ್ಚು ದೇವರಕಾಡುಗಳಿವೆ. ದೇವರ ಹೆಸರಿನಿಂದ ಮರಗಳು ಉಳಿದಿವೆ. ಆದರೆ ನಾಗರಹೊಳೆಯು ರಾಷ್ಟ್ರೀಯ ಉದ್ಯಾನವಾದ ಮೇಲೆಯೂ, ಕಬಿನಿಗೆ ೧೯೭೪ರಲ್ಲಿ ಅಣೆಕಟ್ಟು ಬಂದ ಮೇಲೆಯೂ, ಕಾಡಿನ ಅನೇಕ ಹಾಡಿಗಳ ಜನರು ತಮ್ಮ ದೇವರ ನೆಲೆಗಳಿಂದಲೂ ಹಿರಿಯರ ಸಮಾಧಿಗಳಿಂದಲೂ ದೂರವಾದರು. ಪ್ರಕೃತಿಪೂಜೆಯಲ್ಲಿ ಮನಸ್ಸಿಟ್ಟಿರುವ ಪಟ್ಟಣದ ತರುಣನು ಹುಣ್ಣಿಮೆಗೆ ದೀಪ ಹಚ್ಚುವುದರ ಜೊತೆಗೆ, ಕಾಡಿನ ದೇವರನ್ನು ಇಂದಿಗೂ ಪೂಜಿಸುತ್ತಿರುವ ಈ ಜನರ ಹಕ್ಕುಗಳನ್ನು ಅರಣ್ಯಹಕ್ಕು ಕಾಯಿದೆಯು ೨೦೦೬ರಿಂದಲೇ ಒಪ್ಪಿರುವುದನ್ನೂ ಸ್ವಲ್ಪ ಓದಿಕೊಳ್ಳುವುದು ಒಳಿತು.

ಈಗ ಎರಡನೆಯ ವಸ್ತುವಾದ ಮಾಟದ ವಿಚಾರ. ಇದರ ಲಕ್ಷಣವೇ ಬೇರೆ. ಇಲ್ಲಿ ಊರು ಕೂಡುವುದಿಲ್ಲ; ಒಬ್ಬ ಮಂತ್ರವಾದಿ, ಒಬ್ಬ ಗಿರಾಕಿ, ಕಾಣದ ಒಬ್ಬ ವೈರಿ, ಇಷ್ಟೇ ಪಾತ್ರಗಳು. ಮೊಳೆ ಚುಚ್ಚಿದ ಗೊಂಬೆ, ಕುಂಕುಮ ಸವರಿದ ನಿಂಬೆಹಣ್ಣು, ತಾಯತ, ಅಂತ್ರ, ಕಪ್ಪು ದಾರ, ಮೂರು ದಾರಿ ಕೂಡುವಲ್ಲಿ ಇಟ್ಟ ಮಡಕೆ, ಅಮಾವಾಸ್ಯೆಯ ರಾತ್ರಿ, ಇವು ಸಾಮಗ್ರಿಗಳು. ಹಸು ಹಾಲು ಕೊಡಲಿಲ್ಲ, ಮಗುವಿಗೆ ಜ್ವರ ಬಿಡಲಿಲ್ಲ, ಮಗಳ ಮದುವೆ ಮುರಿಯಿತು, ಗದ್ದೆಯ ವ್ಯಾಜ್ಯ ಸೋತಿತು ಎಂದು ಬಂದವನಿಗೆ ಮಂತ್ರವಾದಿಯು ಮೊದಲು ಕೊಡುವುದು ಮದ್ದಲ್ಲ, ಸಂಶಯ: ‘ನಿನಗೆ ಯಾರೋ ಮಾಡಿಸಿದ್ದಾರೆ’. ಆ ಯಾರೋ ಎಂಬಾತನು ಬಹುಮಟ್ಟಿಗೆ ದಾಯಾದಿ, ನೆರೆಯವ, ಇಲ್ಲವೇ ಒಂಟಿಯಾಗಿರುವ ಹೆಂಗಸು. ಇದರಿಂದ ಗಿರಾಕಿಯ ದುಃಖಕ್ಕೆ ಒಂದು ಮುಖ ದೊರೆಯುವುದು. ಮಂತ್ರವಾದಿಗೆ ಹಣ ದೊರೆಯುವುದು. ಊರಿಗೆ ತಲೆಮಾರುಗಳವರೆಗೆ ತೀರದ ಹಗೆ ಉಳಿಯುವುದು.

ಮಾಟದ ಪ್ರಭಾವವು ಎಷ್ಟು ಮಟ್ಟಿಗೆ ಕೇಳಿದವರ ಕಲ್ಪನೆಯಲ್ಲಿದೆ ಎಂಬುದಕ್ಕೆ ಕೊಳ್ಳೇಗಾಲದ ಹೆಸರೇ ಸಾಕ್ಷಿ. ಕರ್ಣಾಟಕದ ಯಾವ ಮೂಲೆಗೆ ಹೋದರೂ ‘ಕೊಳ್ಳೇಗಾಲದ ಮಾಟ’ ಎಂಬ ಮಾತು ಕೇಳಿಬರುವುದು. ವಾಸ್ತವವಾಗಿ ಕೊಳ್ಳೇಗಾಲವು ರೇಷ್ಮೆಯ ಕಸುಬಿಗೆ ಹೆಸರಾದ ಊರು. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಮೈಸೂರಿನವರಿಗೆ ಹೊರಸೀಮೆಯಾಗಿತ್ತು. ಇನ್ನು ಕೊಡಗು, ತುಳುನಾಡು, ಮೈಸೂರುಗಳ ಮಂತ್ರವಾದಿಗಳು ತಮ್ಮ ವಿದ್ಯೆಗೆ ಬೆಲೆ ಬರಲೆಂದು ‘ಮಲೆಯಾಳದಲ್ಲಿ ಕಲಿತದ್ದು’ ಎಂದು ಹೇಳಿಕೊಳ್ಳುವರು. ಮಾಟವು ಯಾವಾಗಲೂ ಎಲ್ಲೆಯ ಆಚೆಯಿಂದಲೇ ಬರತಕ್ಕದ್ದೆಂದು ಜನರ ಭಾವನೆ. ನಮಗೆ ಗೊತ್ತಿಲ್ಲದ ಊರು, ನಮಗೆ ತಿಳಿಯದ ಭಾಷೆಯ ಮಂತ್ರ, ನಾವು ನೋಡದ ಗುರು, ಇವೇ ಅದರ ಬಂಡವಾಳ. ಪಶ್ಚಿಮದಿಂದ ಬಂದ ಕೈಪಿಡಿಗೂ ಈ ಮೋಹವೇ ಗಿರಾಕಿಗಳನ್ನು ತಂದುಕೊಡುವ ಸಂಭವವಿರುವುದರಿಂದ, ಓದುವವರು ಎಚ್ಚರವಾಗಿರುವುದು ಲೇಸು.

ಭಯದ ವ್ಯಾಪಾರವು ಹಣವನ್ನು ಮಾತ್ರ ಕಳೆಯುವುದಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಅದು ಪ್ರಾಣವನ್ನೂ ಕಳೆಯುವುದು. ಹಾವಿನ ಕಡಿತವನ್ನೇ ತೆಗೆದುಕೊಳ್ಳಿರಿ. ೨೦೨೦ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ೨೦೦೦ದಿಂದ ೨೦೧೯ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ೧೨ ಲಕ್ಷ ಮಂದಿ. ಎಂದರೆ ವರ್ಷಕ್ಕೆ ಸರಾಸರಿ ೫೮,೦೦೦. ಕಾವೇರಿಯ ನಾಲೆಗಳಿಂದ ನೀರುಣ್ಣುವ ಸಾಲಿಗ್ರಾಮದ ಬತ್ತದ ಗದ್ದೆಗಳಲ್ಲಿ ಇಲಿಗಳಿರುವೆಡೆ ಹಾವುಗಳೂ ಇರುವುದು ಸಹಜ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವು ಆಸ್ಪತ್ರೆಯಲ್ಲಿ ದೊರೆಯುವುದು. ಆದರೆ ಮಂತ್ರ ಹಾಕಿಸುತ್ತಾ ಕಳೆದ ಒಂದೊಂದು ಗಳಿಗೆಯೂ ವಿಷಕ್ಕೆ ಸಹಾಯಕ. ಕೆಲವು ಕಡಿತಗಳಲ್ಲಿ ಹಾವು ವಿಷವನ್ನೇ ಬಿಡುವುದಿಲ್ಲ. ಅಂತಹವರು ಮಂತ್ರದಿಂದ ಬದುಕಿದರೆಂಬ ಕೀರ್ತಿ ಮಂತ್ರವಾದಿಗೆ ಸಲ್ಲುವುದು. ವಿಷ ಏರಿದವರು ಸತ್ತಾಗ ಅದು ಹಣೆಬರಹವೆನಿಸುವುದು. ಹೀಗೆ ಎರಡು ಬಗೆಯಲ್ಲಿಯೂ ಆತನ ಹೆಸರಿಗೆ ಕುಂದಿಲ್ಲ. ಕರ್ಣಾಟಕ ಸರ್ಕಾರವು ೨೦೨೪ರಲ್ಲಿ ಹಾವಿನ ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕೆಂದು ಗೊತ್ತುಪಡಿಸಿರುವುದು ಶ್ಲಾಘನೀಯ.

ಮನೋರೋಗಗಳ ಸಂಗತಿಯೂ ಹೀಗೆಯೇ. ಮಾಟವೆಂದು ಹೇಳಿ ಹೊಡೆಸಿ, ಹೊಗೆ ಹಾಕಿಸಿ, ಉಪವಾಸ ಕೆಡವಿದ ಎಷ್ಟೋ ಮಂದಿಗೆ ಬೇಕಾದದ್ದು ವೈದ್ಯರ ಉಪಚಾರ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಗಳ ಆರೋಗ್ಯಕೇಂದ್ರದ ವೈದ್ಯರಿಗೇ ಮಾನಸಿಕ ಚಿಕಿತ್ಸೆಯ ತರಬೇತಿಯನ್ನಿತ್ತು, ಈ ಕಾರ್ಯವನ್ನು ಜಿಲ್ಲೆಯ ಮಟ್ಟದಲ್ಲಿಯೇ ನಡೆಸಬಹುದೆಂದು ತೋರಿಸಿತು. ೧೯೯೬ರಲ್ಲಿ ದೇಶದಲ್ಲಿ ಪ್ರಾರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಅದೇ ಮಾದರಿಯಾಯಿತು. ಬಳ್ಳಾರಿಯು ದೇಶಕ್ಕೆ ಕಲಿಸಿದ ಪಾಠವನ್ನು ಕನ್ನಡ ಹಳ್ಳಿಗಳೇ ಮರೆಯಬಾರದು.

ಈ ಅನಾಹುತಗಳನ್ನು ತಡೆಯಲು ಕಾನೂನು ಏನು ಮಾಡಿದೆ? ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಡಾಕ್ಟರ್ ಎಚ್. ನರಸಿಂಹಯ್ಯನವರು ೧೯೭೬ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವ ಸಮಿತಿಯನ್ನು ರಚಿಸಿ ಪ್ರಶ್ನಿಸುವ ಪರಿಪಾಠವನ್ನು ಹಾಕಿಕೊಟ್ಟರು. ಅದೇ ವರ್ಷ ರಾಜ್ಯಾಂಗಕ್ಕೆ ಆದ ತಿದ್ದುಪಡಿಯಿಂದ ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯಗಳಲ್ಲಿ ಒಂದಾಯಿತು. ಮಹಾರಾಷ್ಟ್ರದಲ್ಲಿ ಇದಕ್ಕಾಗಿ ದುಡಿದ ಡಾಕ್ಟರ್ ನರೇಂದ್ರ ದಾಭೋಳ್ಕರರು ೨೦೧೩ರ ಆಗಸ್ಟ್ ೨೦ರಂದು ಪುಣೆಯಲ್ಲಿ ಕೊಲೆಗೀಡಾದರು. ಆ ವರ್ಷವೇ ಅಲ್ಲಿ ಕಾಯಿದೆಯಾಯಿತು. ನಮ್ಮಲ್ಲಿ ‘ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ಪ್ರತಿಬಂಧ ಮತ್ತು ನಿರ್ಮೂಲನೆ’ಯ ಕಾಯಿದೆಯು ೨೦೧೭ರಲ್ಲಿ ಶಾಸನಸಭೆಯ ಅನುಮೋದನೆಯನ್ನು ಪಡೆದು ೨೦೨೦ರ ಜನವರಿಯಿಂದ ಜಾರಿಗೆ ಬಂದಿತು. ನಿಧಿಯ ಆಸೆಗಾಗಿ ಮಾಡುವ ಕ್ರೂರಕೃತ್ಯ, ದೆವ್ವ ಬಿಡಿಸುವೆನೆಂದು ಹೊಡೆಯುವುದು, ಬಾನಾಮತಿಯ ಹೆಸರಿನಲ್ಲಿ ಭೀತಿ ಹುಟ್ಟಿಸುವುದು, ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯವನ್ನು ತಪ್ಪಿಸಿ ಮಂತ್ರ ಹಾಕುವುದು, ಎಂಜಲೆಲೆಗಳ ಮೇಲೆ ಉರುಳಿಸುವುದು, ಮುಟ್ಟಾದ ಅಥವಾ ಬಸುರಿಯಾದ ಸ್ತ್ರೀಯರನ್ನು ಬಲಾತ್ಕಾರದಿಂದ ಊರಾಚೆ ಇರಿಸುವುದು, ಇವೆಲ್ಲ ಅದರಲ್ಲಿ ಅಪರಾಧಗಳು. ಶಿಕ್ಷೆಯು ೧ ವರ್ಷಕ್ಕೆ ಕಡಮೆಯಿಲ್ಲದೆ ೭ ವರ್ಷಗಳವರೆಗಿನ ಕಾರಾಗೃಹವಾಸ. ಜುಲ್ಮಾನೆ ೫,೦೦೦ದಿಂದ ೫೦,೦೦೦ ರೂಪಾಯಿ.

ಈ ಕಾಯಿದೆಯು ಧರ್ಮವನ್ನೇ ನಾಶಮಾಡುವುದೆಂದು ಆಕ್ಷೇಪಿಸಿದವರುಂಟು. ಕಾಯಿದೆಯನ್ನು ಪೂರ್ತಿ ಓದಿದವರು ಹಾಗೆ ಹೇಳಲಾರರು. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆ, ಮನೆಯಲ್ಲಿಯೂ ಗುಡಿಯಲ್ಲಿಯೂ ದೇಹಕ್ಕೆ ಹಾನಿಯಾಗದಂತೆ ನಡೆಯುವ ಪೂಜೆ, ಹಬ್ಬ, ಮೆರವಣಿಗೆ, ಕಿವಿಮೂಗು ಚುಚ್ಚುವುದು, ಜೈನರ ಕೇಶಲೋಚನ, ಇವೆಲ್ಲಕ್ಕೂ ಅದರಲ್ಲಿ ರಕ್ಷಣೆಯಿದೆ. ಜ್ಯೋತಿಷ್ಯ ವಾಸ್ತುಗಳ ಸಲಹೆಯನ್ನು ಸಹ ಅದು ಮುಟ್ಟುವುದಿಲ್ಲ. ದೇವರಿದ್ದಾನೆಯೇ ಇಲ್ಲವೇ ಎಂಬುದನ್ನು ನಿರ್ಣಯಿಸಲು ಕಾನೂನು ಹೊರಟಿಲ್ಲ; ಮನುಷ್ಯನ ದೇಹಕ್ಕೂ ಮಾನಕ್ಕೂ ಹಾನಿಯಾಯಿತೇ ಎಂಬುದೊಂದನ್ನೇ ಅದು ಕೇಳುವುದು. ಮಾರಿಪೂಜೆಗೂ ಮಾಟಕ್ಕೂ ನಡುವೆ ನಾವು ಹೇಳುತ್ತಿರುವ ಗೆರೆಯೂ ಇದೇ.

ಆದರೆ ಪೂಜೆಯೆಂಬ ಹೆಸರು ಬಂದ ಕೂಡಲೆ ಎಲ್ಲವೂ ನಿರ್ದುಷ್ಟವಾಗುವುದೆಂದು ನಾವು ಹೇಳುವುದಿಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ನಡೆಯುತ್ತಿದ್ದ ಬೆತ್ತಲೆಸೇವೆಯನ್ನು ತಡೆಯಹೋದ ಪೊಲೀಸರ ಮೇಲೆಯೂ ಸಮಾಜಸೇವಕರ ಮೇಲೆಯೂ ೧೯೮೬ರ ಮಾರ್ಚಿನಲ್ಲಿ ನಡೆದ ಹಲ್ಲೆಯು ದೇಶವನ್ನೇ ಬೆಚ್ಚಿಬೀಳಿಸಿತು. ಆಮೇಲೆ ಸರ್ಕಾರವು ಆ ಸೇವೆಯನ್ನು ನಿಷೇಧಿಸಿತು. ಗುಡಿಯ ಆವರಣದಲ್ಲಿ ಪ್ರಾಣಿಬಲಿಯನ್ನು ೧೯೫೯ರ ಕಾಯಿದೆಯು ತಡೆಯುವುದು. ಹಬ್ಬದಲ್ಲಿ ತಮಟೆ ಬಡಿಯುವವನು ಬೇಕು, ಗುಡಿಯೊಳಗೆ ಬೇಡ ಎನ್ನುವ ಊರುಗಳು ಅಮ್ಮನ ಮಕ್ಕಳಲ್ಲಿಯೇ ಭೇದವೆಣಿಸುತ್ತಿರುವವು. ಇಂತಹ ದೋಷಗಳನ್ನು ಕಳೆದುಕೊಂಡಷ್ಟೂ ಪೂಜೆಯು ಪೂಜೆಯಾಗಿ ಉಳಿಯುವುದು.

ಇಷ್ಟನ್ನು ಹೇಳಿದ ಮೇಲೆ, ಈ ಮಾರ್ಗದಲ್ಲಿ ಹೊಸದಾಗಿ ಅಡಿಯಿಡುವವರಿಗೆ ಕೆಲವು ಮಾತುಗಳನ್ನು ಸೂಚಿಸುವೆವು. ಮೊದಲನೆಯದಾಗಿ, ಆಚರಣೆಯು ಬಹಿರಂಗವಾಗಿದೆಯೇ ಎಂದು ನೋಡಿರಿ. ತಾಯಿತಂದೆಗಳಿಗಾಗಲಿ ಸ್ನೇಹಿತರಿಗಾಗಲಿ ಹೇಳಕೂಡದೆಂದು ಯಾವ ಗುರುವಾದರೂ ಆಣೆಯಿಡಿಸಿದರೆ ಆತನನ್ನು ಬಿಟ್ಟುಬಿಡಿರಿ. ಎರಡನೆಯದಾಗಿ, ಹಣದ ಲೆಕ್ಕವನ್ನು ನೋಡಿರಿ. ಹಣ್ಣುಕಾಯಿಗೆ ಆಗುವ ವೆಚ್ಚ ಬೇರೆ; ಭಯವನ್ನು ಹುಟ್ಟಿಸಿ, ಅದನ್ನು ಕಳೆಯಲು ಮತ್ತೆ ಮತ್ತೆ ಕೇಳುವ ಹಣ ಬೇರೆ. ಮೂರನೆಯದಾಗಿ, ನಿಮ್ಮ ಕಷ್ಟಕ್ಕೆ ಇಂತಹವರು ಕಾರಣರೆಂದು ಬೆರಳು ತೋರಿಸುವ ಮಾತನ್ನು ಒಂದು ಬಾರಿಯೂ ಕಿವಿಯಲ್ಲಿ ಹಾಕಿಕೊಳ್ಳಬೇಡಿರಿ. ನಾಲ್ಕನೆಯದಾಗಿ, ಗಿಡಮೂಲಿಕೆಗಳನ್ನು ಅರಿಯುವುದು ಒಳ್ಳೆಯದು. ಆದರೆ ಗುರುತಿಲ್ಲದ ಬೇರನ್ನು ಅರೆದು ಕುಡಿಯುವುದು ಸಾಹಸವಲ್ಲ, ಅವಿವೇಕ. ಜ್ವರಕ್ಕೂ ವಿಷಕ್ಕೂ ಮನಸ್ಸಿನ ಕಾಯಿಲೆಗೂ ಮೊದಲು ಆಸ್ಪತ್ರೆ, ಆಮೇಲೆ ಹರಕೆ. ಐದನೆಯದಾಗಿ, ಮಕ್ಕಳನ್ನೂ ಮೂಕಪ್ರಾಣಿಗಳನ್ನೂ ಯಾವ ಪ್ರಯೋಗಕ್ಕೂ ಗುರಿಮಾಡಬೇಡಿರಿ. ಈ ಐದನ್ನು ಪಾಲಿಸುವವನು ಹುಣ್ಣಿಮೆಗೆ ದೀಪ ಹಚ್ಚಿದರೆ ನಮಗೆ ಯಾವ ಆಕ್ಷೇಪಣೆಯೂ ಇಲ್ಲ. ನಮ್ಮ ಅಜ್ಜಿಯರು ತುಳಸಿಗೂ ಅಶ್ವತ್ಥಕ್ಕೂ ಹೊಳೆಗೂ ಕೈಮುಗಿದದ್ದು ಇದನ್ನೇ.

ಅಧಿಕಾರಿಗಳಿಗೂ ಪಟ್ಟಣದ ಮುಖಂಡರಿಗೂ ಒಂದು ಮಾತು. ಕಾಯಿದೆ ಜಾರಿಗೆ ಬಂದುದರಿಂದಲೇ ಕಾರ್ಯವು ಮುಗಿಯಲಿಲ್ಲ. ಹಳ್ಳಿಯಲ್ಲಿ ಯಾರನ್ನಾದರೂ ಮಾಟಗಾತಿಯೆಂದು ಹೆಸರಿಟ್ಟು ದೂರಮಾಡಿದ ಸುದ್ದಿ ಬಂದಾಗ, ‘ಅದು ಊರಿನ ಒಳಗಿನ ವಿಷಯ’ ಎಂದು ಠಾಣೆಯಿಂದ ಹಿಂದಕ್ಕೆ ಕಳುಹಿಸುವ ಪರಿಪಾಠವು ನಿಲ್ಲಬೇಕು. ಹೊಡೆತ ಬೀಳುವವರೆಗೆ ಕಾಯುವುದು ಕಾವಲಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಆರೋಗ್ಯಕೇಂದ್ರಗಳಲ್ಲಿಯೂ ಪ್ರತಿವಿಷವು ಹಗಲಿರುಳು ಇರಬೇಕು. ಆಸ್ಪತ್ರೆಗೆ ಬಂದವನು ‘ಮದ್ದಿಲ್ಲ, ಮೈಸೂರಿಗೆ ಹೋಗು’ ಎಂದು ಕೇಳಿಸಿಕೊಂಡು ಹಿಂದಿರುಗಿದರೆ, ಮರುದಿನ ಅವನ ನೆರೆಯವನು ಮಂತ್ರವಾದಿಯ ಮನೆಗೇ ಹೋಗುವನು. ರೋಗ ವಾಸಿಮಾಡುವ ತಾಯತ ಕವಚಗಳ ಜಾಹೀರಾತುಗಳನ್ನು ೧೯೫೪ರ ಕೇಂದ್ರ ಕಾಯಿದೆಯು ನಿರ್ಬಂಧಿಸಿದ್ದರೂ, ವಶೀಕರಣ, ಶತ್ರುನಾಶಗಳ ಭರವಸೆ ಕೊಡುವ ಪ್ರಕಟಣೆಗಳು ಗೋಡೆಗಳ ಮೇಲೆಯೂ ಬಸ್ಸುಗಳಲ್ಲಿಯೂ ಮೊಬೈಲುಗಳಲ್ಲಿಯೂ ಕಾಣುತ್ತಲೇ ಇವೆ. ಅವನ್ನು ಅಚ್ಚುಹಾಕುವವರೂ ಪ್ರಸಾರಮಾಡುವವರೂ ಆ ವ್ಯಾಪಾರದ ಪಾಲುದಾರರೇ.

ಹಾಗೆಂದು ಊರಹಬ್ಬದ ಮೇಲೆ ಅಧಿಕಾರಿಗಳು ತಾತ್ಸಾರವನ್ನು ತೋರುವುದೂ ಸಲ್ಲದು. ಹಳ್ಳಿಯವನ ಅಮ್ಮನನ್ನು ಮೂಢನಂಬಿಕೆಯೆಂದು ಜರೆದು, ಪರದೇಶದ ಪುಸ್ತಕದಲ್ಲಿರುವ ದೇವಿಗೆ ಕೈಮುಗಿಯುವ ವಿದ್ಯಾವಂತಿಕೆಯನ್ನು ಹಳ್ಳಿಯವನು ಒಪ್ಪಲಾರ. ತನ್ನ ದೇವರನ್ನು ಗೌರವಿಸಿದ ವೈದ್ಯನ ಮಾತನ್ನು ಅವನು ಕೇಳುವನು. ದೇವಿ ಹಾಕಿಸುವ ಕಾಲದಲ್ಲಿ ಕೇಳಿದ್ದಾನೆ. ಈ ಬೇಸಗೆಯಲ್ಲಿ ಹಬ್ಬ ಸಾರುವ ಹಳ್ಳಿಗಳಿಗೆ ಆರೋಗ್ಯ ಇಲಾಖೆಯವರು ಹೋಗಿ, ಅಮ್ಮನ ಗುಡಿಯ ಮುಂದೆಯೇ ಹಾವಿನ ಕಡಿತದ ಪ್ರಥಮ ಚಿಕಿತ್ಸೆಯನ್ನೂ ಕಾಯಿದೆಯ ಸಾರವನ್ನೂ ತಿಳಿಸಲಿ. ಕಚ್ಚಿದ ಅಂಗವನ್ನು ಅಲುಗಿಸದೆ, ಕೊಯ್ಯದೆ, ಹಗ್ಗ ಬಿಗಿಯದೆ, ಒಡನೆ ಆಸ್ಪತ್ರೆಗೆ ತರಬೇಕೆಂಬ ಒಂದು ಮಾತನ್ನು ತಮಟೆಯವನೇ ಊರಿಗೆಲ್ಲ ಸಾರಲಿ. ಪಟ್ಟಣದ ತರುಣರೂ ಅವರ ಜೊತೆಗೆ ಹೋಗಲಿ; ಪ್ರಕೃತಿಯ ಪೂಜೆಯನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆಯನ್ನು ನಾವು ಬೇರೆ ಕಾಣೆವು.